ಪಟ್ಟಾದ ನಾಗಪ್ಪನೂ ಹೊಲಿಗೆಯಿಲ್ಲದ ಬೆಲ್ಟೂ

ಬನವಾಸಿಗೆ ಬಂದು ನಾಗಪ್ಪನ ಮನೆ ಎಲ್ಲಿ ಅಂತ ಕೇಳಿದರೆ, ಯಾವ ನಾಗಪ್ಪ ಅಂತ ತಿರುಗಿ ನಿಮ್ಮನ್ನೇ ಕೇಳುತ್ತಾರೆ. ಶುಂಠಿ ನಾಗಪ್ಪ ಬೇರೆ, ಪೋಸ್ಟಿನ ನಾಗಪ್ಪ ಬೇರೆ. ಪಟ್ಟಾದ ನಾಗಪ್ಪ ಅಂದಿರೋ, ಕೇಳಿದವರೇ ಮುಂದೆ ಮುಂದೆ ನಡೆದು ನಿಮ್ಮನ್ನು ಅವನ ಮನೆಯ ಕಟ್ಟೆಯ ಮೇಲೆ ಕೂರಿಸಿ ಹೋಗುತ್ತಾರೆ. ಇಪ್ಪತ್ತೊಂಬತ್ತು ವರ್ಷ ಅಕ್ಕಿ ಮಿಲ್ಲಿನಲ್ಲಿ ಪಟ್ಟಾ ನೋಡಿಕೊಂಡವನು ಅವನು. ಪಟ್ಟಾ ಅಂದರೆ ಬೆಲ್ಟು. ಆ ಮಿಲ್ಲಿನ ಮೂಲೆಯಲ್ಲಿ ಒಂದೇ ಒಂದು ಡೀಸೆಲ್ ಎಂಜಿನ್ನು, ಛಾವಣಿಯ ಕೆಳಗೆ ಈ ತುದಿಯಿಂದ ಆ ತುದಿಗೆ ಒಂದೇ ಉದ್ದನೆಯ ಶಾಫ್ಟು, ಅದರಿಂದ ಕೆಳಗಿಳಿದು ಒಂದೊಂದು ಯಂತ್ರವನ್ನು ತಿರುಗಿಸುವ ಅಂಗೈಯಗಲದ ಏಳು ಪಟ್ಟಾಗಳು. ಎಂಜಿನ್ನು ನೋಡುವವನಿಗೆ ಪಗಾರ ಹೆಚ್ಚು, ಮರ್ಯಾದೆಯೂ ಹೆಚ್ಚು. ಆದರೆ ಎಂಜಿನ್ನಿನ ಜೀವ ಯಂತ್ರಕ್ಕೆ ಮುಟ್ಟುವುದು ಪಟ್ಟಾದಿಂದ ತಾನೇ ಅಂತ ನಾಗಪ್ಪನ ವಾದ. ಅದನ್ನು ಒಪ್ಪದವರ ಜೊತೆ ಅವನು ಚಹಾ ಕುಡಿಯುತ್ತಿರಲಿಲ್ಲ.

ಏಳು ಪಟ್ಟಾಗಳಿಗೂ ಏಳು ದನಿ. ಮಧ್ಯಾಹ್ನ ಊಟ ಮಾಡಿ ಭತ್ತದ ಚೀಲದ ಮೇಲೆ ಗೊರಕೆ ಹೊಡೆಯುತ್ತಿದ್ದರೂ ಸರಿ, ಒಂದರ ದನಿ ಕೊಂಚ ಬದಲಾಯಿತೋ, ನಾಗಪ್ಪ ಎದ್ದು ಕೂರುತ್ತಿದ್ದ. ಪಟ್ಟಾ ಸಡಿಲಾಗಿದ್ದರೆ ಕೊಯ್ದು, ಎರಡು ಬೆರಳಷ್ಟು ತೆಗೆದು, ಚರ್ಮದ ದಾರದಲ್ಲಿ ಹೊಲಿದು ಮತ್ತೆ ಏರಿಸುವುದು. ಜಾರಿ ಚೀರುತ್ತಿದ್ದರೆ ರಾಳ. ಹರಳೆಣ್ಣೆಯಲ್ಲಿ ರಾಳ ಕಾಸಿ, ಉಂಡೆ ಕಟ್ಟಿ, ತಿರುಗುವ ಪಟ್ಟಾದ ಒಳಮೈಗೆ ಅರ್ಧ ನಿಮಿಷ ಹಿಡಿದರೆ ಚೀರಾಟ ಬಂದ್. ಇನ್ನು ಪಟ್ಟಾದ ಬೆನ್ನು, ಅದನ್ನಂತೂ ಏನೂ ತಾಗಕೂಡದು. ಕಂಬ ತಾಗಿತೋ, ಚೀಲದ ರಾಶಿ ತಾಗಿತೋ, ಒಂದೇ ದಿನದಲ್ಲಿ ಸವೆದು ಹರಿಯುತ್ತದೆ. ಪಟ್ಟಾದ ಬೆನ್ನ ಹತ್ತಿರ ಚೀಲ ಇಳಿಸಿದ ಹಮಾಲನಿಗೆ ಅವನಿಂದ ಬೀಳುತ್ತಿದ್ದ ಬೈಗುಳ ಬಸ್‌ಸ್ಟ್ಯಾಂಡಿನ ತನಕ ಕೇಳಿಸುತ್ತಿತ್ತು.

ಎರಡು ಸಾವಿರದ ಎರಡರಲ್ಲಿ ಮಿಲ್ಲಿಗೆ ಹೊಸ ಯಂತ್ರಗಳು ಬಂದವು. ಪ್ರತಿಯೊಂದಕ್ಕೂ ಅದರದೇ ಮೋಟಾರು, ಗುಂಡಿ ಒತ್ತಿದರೆ ಮುಗಿಯಿತು. ಉದ್ದನೆಯ ಶಾಫ್ಟು ಗುಜರಿಗೆ ಹೋಯಿತು. ಸಾಹುಕಾರರು ನಾಗಪ್ಪನಿಗೆ ಒಂದು ಶಾಲು ಹೊದೆಸಿ, ಹಳೇ ಪಟ್ಟಾಗಳನ್ನು ಬೇಕಾದರೆ ಒಯ್ಯಿ ಅಂದರು. ಒಯ್ಯದೆ ಬಿಡುತ್ತಾನೆಯೇ? ಗಾಡಿಯ ಮೇಲೆ ಹೇರಿಕೊಂಡು ಬಂದ. ಅಂದಿನಿಂದ ಅವನ ಮನೆಯ ಎಮ್ಮೆಯ ಕೊರಳಪಟ್ಟಿ ಮಿಲ್ಲಿನ ಪಟ್ಟಾ, ಹಿತ್ತಲ ಬಾಗಿಲಿನ ಕೀಲು ಮಿಲ್ಲಿನ ಪಟ್ಟಾ, ಹೆಂಡತಿ ಪಾರ್ವತವ್ವನ ಚಪ್ಪಲಿಯ ಅಟ್ಟೆಯೂ ಮಿಲ್ಲಿನ ಪಟ್ಟಾ. ಈ ಜನ್ಮಕ್ಕೆ ಅಟ್ಟೆ ಸವೆಯುವುದಿಲ್ಲ, ಅದನ್ನು ಹೊತ್ತು ನಡೆಯುವ ಕಾಲು ಮಾತ್ರ ಸವೆಯುತ್ತದೆ ಅಂತ ಪಾರ್ವತವ್ವ ನೆರೆಯವರಿಗೆ ಹೇಳಿಕೊಂಡು ನಗುತ್ತಿದ್ದಳು. ನಾಗಪ್ಪ ಅರ್ಧ ಎಕರೆ ಅನಾನಸು ನೋಡಿಕೊಂಡು, ಕಟ್ಟೆಯ ಮೇಲೆ ಕೂತು ಕಾಲ ಕಳೆದ. ಯಾರೂ ಅವನನ್ನು ಕೆಲಸಕ್ಕೆ ಕರೆಯಲಿಲ್ಲ. ಅದು ಅವನಿಗೆ ನೋವೇ. ಆದರೆ ಬಾಯಿ ಬಿಟ್ಟು ಹೇಳುವ ಜಾತಿಯಲ್ಲ.

ಎರಡು ಸಾವಿರದ ಐದರ ಬೇಸಿಗೆಯಲ್ಲಿ ಮಗಳು ಮಮತಾಳ ಮದುವೆಯಾಯಿತು. ಅಳಿಯ ಪ್ರಮೋದ ಯಲ್ಲಾಪುರದವನು, ಸ್ವಂತದ್ದೊಂದು ಹಳದಿ ಬೋರ್ಡಿನ ಕಾರು ಇಟ್ಟುಕೊಂಡು ಬಾಡಿಗೆ ಹೊಡೆಯುವವನು. ಒಳ್ಳೆಯ ಹುಡುಗ. ಆದರೆ ಸಂಕೋಚ ಅಂದರೆ ಅದೆಂಥ ಸಂಕೋಚ ಅಂತೀರಿ! ಮದುವೆಯಾಗಿ ಆರು ತಿಂಗಳಲ್ಲಿ ಮಾವನಿಗೂ ಅಳಿಯನಿಗೂ ನಡೆದ ಮಾತು ‘ಬಂದ್ರ್ಯಾ?’, ‘ಬಂದ್ನಿರಿ’, ‘ಹೊಂಟ್ರ್ಯಾ?’, ‘ಹೊಂಟ್ನಿರಿ’, ಇಷ್ಟೇ. ಅಳಿಯನ ಎದುರು ಹೇಗೆ ಕೂರಬೇಕು, ಏನು ಕೇಳಬೇಕು ಅಂತ ನಾಗಪ್ಪನಿಗೂ ತಿಳಿಯುತ್ತಿರಲಿಲ್ಲ. ಇದ್ದ ಒಂದು ವಿದ್ಯೆಯೂ ಗುಜರಿಗೆ ಹೋದ ಮೇಲೆ ತನ್ನನ್ನು ಈ ಹುಡುಗ ಯಾವ ಲೆಕ್ಕಕ್ಕೆ ಹಿಡಿದಾನು ಅಂತ ಒಳಗೊಳಗೇ ಅಳುಕು.

ಮೊದಲ ದೀಪಾವಳಿಗೆ ಮಗಳು-ಅಳಿಯ ಅದೇ ಕಾರಿನಲ್ಲಿ ಬಂದರು. ಅಮಾವಾಸ್ಯೆಯ ದಿನ ಹನ್ನೊಂದು ಗಂಟೆಗೆ ಕಾರು ಸದ್ದಿಲ್ಲದೆ ಓಣಿ ಹೊಕ್ಕು ಮನೆ ಮುಂದೆ ನಿಂತಿತು. ಅಳಿಯನಿಗೆ ಹೊಸ ಬಿಳಿ ಅಂಗಿ, ಪಂಚೆ, ಹೋಳಿಗೆ ಊಟ, ಎಲ್ಲ ಆಯಿತು. ಊಟವಾದ ಮೇಲೆ ಕಾರನ್ನು ನೆರಳಿಗೆ ನಿಲ್ಲಿಸಲು ಪ್ರಮೋದ ಚಾಲೂ ಮಾಡಿದ್ದೇ ತಡ, ಎಂಜಿನ್ನಿನ ಒಳಗಿಂದ ಕೀಂಯ್ ಅಂತ ಒಂದು ಚೀರಾಟ ಎದ್ದಿತು. ಎಮ್ಮೆ ಕಣ್ಣಿ ಜಗ್ಗಿತು, ಪ್ರಮೋದನ ಮುಖ ಕೆಂಪಾಯಿತು. ಎಂಜಿನ್ನು ಕಾದರೆ ತಾನೇ ನಿಲ್ಲುತ್ತದೆ ಅಂತ ಏನೋ ಗೊಣಗಿ ಅವನು ಒಳಗೆ ಹೋಗಿ ಮಲಗಿಬಿಟ್ಟ.

ನಾಗಪ್ಪನಿಗೆ ಮಾತ್ರ ಕುಳಿತಲ್ಲಿ ಕೂರಲಾಗಲಿಲ್ಲ. ಮೂರು ವರ್ಷವಾಗಿತ್ತು ಪಟ್ಟಾ ಚೀರುವುದನ್ನು ಕೇಳಿ. ಕಾರಿನೊಳಗೂ ಪಟ್ಟಾ ಇರುತ್ತದೆಂದು ಅವನಿಗೆ ಗೊತ್ತಿತ್ತು. ಆದರೆ ಅದೂ ಹೀಗೆ ತನ್ನ ಮಿಲ್ಲಿನ ಪಟ್ಟಾದ ಹಾಗೇ ಅಳುತ್ತದೆ ಅಂತ ಗೊತ್ತಿರಲಿಲ್ಲ. ಖುಷಿಯೋ ಖುಷಿ! ಅಟ್ಟದ ಮೇಲಿನ ಡಬ್ಬಿ ಇಳಿಸಿ, ರಾಳ ಕುಟ್ಟಿ, ಹರಳೆಣ್ಣೆಯಲ್ಲಿ ಕಾಸಿದ. ಬಾನೆಟ್ ಎತ್ತಿ, ಕೈಗೆ ಸಿಕ್ಕಷ್ಟು ಬೆಲ್ಟಿಗೆ ಎರಡೂ ಮಗ್ಗುಲಿಗೆ ದಪ್ಪಗೆ ಹಚ್ಚಿ, ಮತ್ತೆ ಮುಚ್ಚಿದ. ಅಳಿಯ ಎದ್ದು ಕಾರು ಚಾಲೂ ಮಾಡಿದಾಗ ಚೀರಾಟವೇ ಇಲ್ಲ, ಏನಾಯಿತು ಅಂತ ಕೇಳುತ್ತಾನೆ, ಆಗ ನಾನು ಹೀಗೆ ಮೀಸೆ ತಿರುವಿ ಹೇಳುತ್ತೇನೆ ಅಂತ ಮನಸ್ಸಿನಲ್ಲೇ ಎರಡು ಸಲ ಹೇಳಿ ನೋಡಿಕೊಂಡ.

ಸಂಜೆ ಅತ್ತೆಯನ್ನೂ ಹೆಂಡತಿಯನ್ನೂ ಕೂರಿಸಿಕೊಂಡು ಪ್ರಮೋದ ದೇವಸ್ಥಾನಕ್ಕೆ ಹೊರಟ. ಕಾರು ಒಂದಿಷ್ಟೂ ಚೀರಲಿಲ್ಲ. ಕಟ್ಟೆಯ ಮೇಲೆ ಕೂತ ನಾಗಪ್ಪ ಓಣಿಗೆಲ್ಲ ಕಾಣುವ ಹಾಗೆ ಕಾಲು ಮೇಲೆ ಕಾಲು ಹಾಕಿದ. ಅರ್ಧ ಗಂಟೆಯಲ್ಲಿ ಕಾರು ತಿರುಗಿ ಬಂತು, ಐದಾರು ಜನ ಹಿಂದಿನಿಂದ ತಳ್ಳುತ್ತಿದ್ದರು. ಪಾರ್ವತವ್ವ ಹಣ್ಣುಕಾಯಿಯ ತಟ್ಟೆ ಹಿಡಿದು ಹಿಂದೆ ನಡೆಯುತ್ತಿದ್ದಳು. ಬಾನೆಟ್ ಎತ್ತಿದರೆ ಬೆಲ್ಟು ಎಳೆ ಎಳೆಯಾಗಿ ಕಿತ್ತು, ತಾನು ತಿರುಗಿಸುವ ಎಂಜಿನ್ನಿನ ಪುಟ್ಟ ಗಾಲಿಗಳಿಗೆ ಸುತ್ತಿಕೊಂಡು ಕೂತಿತ್ತು. ಪ್ರಮೋದ ಒಂದು ತುಂಡನ್ನು ಎಳೆದು ನೆಲಕ್ಕೆ ಹಾಕಿದ. ನಾಗಪ್ಪ ಅದನ್ನೆತ್ತಿ ಮೂಸಿದ. ರಾಳ. ಅಂಟು ದಾರಿಯ ಧೂಳನ್ನೆಲ್ಲ ಹಿಡಿದು, ಬೆಲ್ಟು ಗಾಲಿಗೆ ಕಚ್ಚಿಕೊಂಡು ಹರಿದಿತ್ತು. ಅಗಲವಾದ ಮಿಲ್ಲಿನ ಪಟ್ಟಾಕ್ಕೆ ಔಷಧ ಆದದ್ದು ಈ ಗೆರೆ ಗೆರೆಯ ರಬ್ಬರಿಗೆ ವಿಷವಾಗಿತ್ತು. ನಾಗಪ್ಪ ತುಂಡನ್ನು ಮೆಲ್ಲಗೆ ಬೆನ್ನ ಹಿಂದೆ ಹಿಡಿದುಕೊಂಡ.

ಪ್ರಮೋದನಿಗೆ ಆತುರವಿತ್ತು. ಶಿರಸಿಯಲ್ಲಿ ಚೌಡಮ್ಮ ಅಂತ ಒಬ್ಬ ಮುದುಕಿ, ನಾಡಿದ್ದು ಹುಬ್ಬಳ್ಳಿಯಲ್ಲಿ ಅವಳ ಕಣ್ಣಿನ ಆಪರೇಷನ್ನು. ಬೆಳಗಿನ ಆರಕ್ಕೆ ಮನೆ ಮುಂದೆ ಇರುತ್ತೇನೆ ಅಂತ ಮಾತು ಕೊಟ್ಟಿದ್ದ. ಈ ತಾರೀಖು ಸಿಗಲಿಕ್ಕೇ ಮುದುಕಿ ಮೂರು ತಿಂಗಳು ಕಾದಿದ್ದಳು. ಹಬ್ಬಕ್ಕೆ ಯಲ್ಲಾಪುರದ, ಶಿರಸಿಯ ಕಾರುಗಳೆಲ್ಲ ಮೊದಲೇ ಬಾಡಿಗೆಗೆ ಹೋಗಿದ್ದವು, ಗ್ಯಾರೇಜುಗಳಿಗೆ ಎರಡು ದಿನ ಬೀಗ. ಪ್ರಮೋದ ಎಸ್‌ಟಿಡಿ ಬೂತಿಗೆ ಓಡಿ ಹುಬ್ಬಳ್ಳಿಯ ಬಿಡಿಭಾಗದ ಅಂಗಡಿಗೆ ಫೋನು ಹಚ್ಚಿದ. ಪುಣ್ಯಕ್ಕೆ ಲಕ್ಷ್ಮೀಪೂಜೆ ಅಂತ ಅಂಗಡಿ ತೆರೆದಿತ್ತು. ಬೆಲ್ಟನ್ನು ಬೆಳಗಿನ ಶಿರಸಿ ಬಸ್ಸಿನ ಕಂಡಕ್ಟರ್ ಕೈಗೆ ಕೊಟ್ಟರೆ, ಅವನು ಬನವಾಸಿ ಬಸ್ಸಿನ ಕಂಡಕ್ಟರ್ ಕೈಗೆ ದಾಟಿಸುತ್ತಾನೆ ಅಂತ ಮಾತಾಯಿತು.

ಹಾಗೇ ಆಯಿತು. ಪಾಡ್ಯದ ದಿನ ಮಧ್ಯಾಹ್ನ ಹನ್ನೆರಡಕ್ಕೆ ಕಂಡಕ್ಟರು ಬಸ್ಸಿನ ಕಿಟಕಿಯಿಂದಲೇ ಪೊಟ್ಟಣ ಎಸೆದು ಹೋದ. ಪ್ರಮೋದ ಅಂಗಿಯ ತೋಳು ಮಡಚಿದ. ಅಷ್ಟರಲ್ಲಿ ಪಾರ್ವತವ್ವ ಒಳಗಿಂದ ಬಂದು ಕಾರಿಗೂ ಅಳಿಯನಿಗೂ ನಡುವೆ ನಿಂತಳು. ಎಣ್ಣೆ ಹಚ್ಚಿ ಎರೆದ ಮೈ, ಹೊಸ ಬಿಳಿ ಅಂಗಿ.

“ಮೊದಲನೇ ದೀಪಾವಳಿಗೆ ಬಂದ ಅಳಿಯ ನಮ್ಮ ಅಂಗಳದಾಗ ಗ್ರೀಸಿನಾಗ ಕೈ ಹಾಕಿದಾ ಅಂದ್ರ, ನಾ ಈ ಓಣ್ಯಾಗ ಹೆಂಗ ಅಡ್ಡಾಡ್ಲಿ? ನೀವು ಕುಂಡರ್ರಿ.”

ಪ್ರಮೋದ ಏನೋ ಹೇಳಲು ಹೋದ, ಆಕೆ ಕೇಳಲಿಲ್ಲ. ಮಮತಾ ಕುರ್ಚಿ ತಂದಿಟ್ಟಳು. ಗಾಡಿಯ ವಿದ್ಯೆ ಗೊತ್ತಿದ್ದವನನ್ನು ಕುರ್ಚಿಯ ಮೇಲೆ ಕೂರಿಸಿ, ಗೊತ್ತಿಲ್ಲದವನ ಕೈಗೆ ನಟ್ಟು ತಿರುವುವ ಪಾನಾ ಕೊಟ್ಟರು. ನಾಗಪ್ಪ ಬೇಡವೆನ್ನಲಿಲ್ಲ. ಮಾಡಿದ ತಪ್ಪನ್ನು ತನ್ನ ಕೈಯಿಂದಲೇ ಸರಿ ಮಾಡಿಬಿಟ್ಟರೆ ಬಾಯಿಂದ ಹೇಳುವ ಪ್ರಸಂಗವೇ ಬರುವುದಿಲ್ಲವಲ್ಲ ಅಂತ ಅವನ ಆಸೆ.

ಮೊದಲಿಗೆ ಅವನು ಹೊಸ ಬೆಲ್ಟನ್ನು ಕೈಯಲ್ಲಿ ಹಿಡಿದು ಸುತ್ತಲೂ ತಡವಿದ. ಒಂದು ಸುತ್ತು, ಎರಡು ಸುತ್ತು, ಮೂರು ಸುತ್ತು. ಹೊಲಿಗೆ ಎಲ್ಲಿ? ಹೊಲಿಗೆಯೇ ಇಲ್ಲ! ಒಳಮೈಗೆ ಉದ್ದಕ್ಕೂ ಆರು ಗೆರೆ, ಬೆನ್ನು ನುಣುಪು, ಆದಿ ಇಲ್ಲ ಅಂತ್ಯ ಇಲ್ಲ. ಹುಟ್ಟುವಾಗಲೇ ಬಳೆಯ ಹಾಗೆ ಹುಟ್ಟಿದ ಪಟ್ಟಾವನ್ನು ಅವನು ಕಂಡಿರಲಿಲ್ಲ. ನಂಬಿಕೆ ಬರಲಿಲ್ಲ, ಆದರೂ ಕೆಲಸಕ್ಕೆ ಬಗ್ಗಿದ. ಮಿಲ್ಲಿನಲ್ಲಿ ಒಂದು ಯಂತ್ರಕ್ಕೆ ಒಂದು ಪಟ್ಟಾ. ಇಲ್ಲಿ ಒಂದೇ ಬೆಲ್ಟು ಆರು ಗಾಲಿ ಸುತ್ತಬೇಕು. ಎಂಜಿನ್ನಿನ ದೊಡ್ಡ ಗಾಲಿ, ಕರೆಂಟು ಹುಟ್ಟಿಸುವ ಡೈನಮೋದ್ದು, ಸ್ಟೇರಿಂಗಿನದು, ಏಸಿಯದು, ಈ ನಾಲ್ಕಕ್ಕೂ ಗೆರೆ ಇದ್ದವು. ಇನ್ನೆರಡು ನುಣ್ಣನೆಯ ಗಾಲಿಗಳು, ಒಂದು ಎಂಜಿನ್ನಿಗೆ ನೀರು ತಿರುಗಿಸುವ ಪಂಪಿನದು, ಇನ್ನೊಂದು ಸ್ಪ್ರಿಂಗಿನ ತೋಳಿನ ತುದಿಯಲ್ಲಿ ಬೆಲ್ಟನ್ನು ಬಿಗಿ ಹಿಡಿಯುವುದು. ಬೆಲ್ಟು ಹೋಗುವ ದಾರಿಯ ಚಿತ್ರ ಬಾನೆಟ್ಟಿನ ಒಳಗೆ ಅಂಟಿಸಿತ್ತಂತೆ. ಹಿಂದಿನ ಮಾಲೀಕ ಬಣ್ಣ ಹೊಡೆಸುವಾಗ ಅದರ ಮೇಲೂ ಬಳಿಸಿದ್ದ.

ಗೆರೆ ಇದ್ದ ನಾಲ್ಕು ಗಾಲಿಗಳಿಗೆ ನಾಗಪ್ಪ ಬೆಲ್ಟನ್ನು ಚೆಂದಾಗಿ ಕೂರಿಸಿದ. ನುಣ್ಣನೆಯ ಎರಡರ ಹತ್ತಿರ ಬಂದಾಗ ಕೈ ಹಿಂದೆಗೆದ. ಅವುಗಳ ಕಡೆ ಹೋಗುತ್ತಿದ್ದುದು ಬೆಲ್ಟಿನ ಬೆನ್ನು. ಬೆನ್ನು ತಾಗಿಸುವುದುಂಟೆ? ಇಪ್ಪತ್ತೊಂಬತ್ತು ವರ್ಷ ಯಾವುದಕ್ಕಾಗಿ ಊರವರ ಜೊತೆ ಜಗಳಾಡಿದ್ದನೋ ಅದನ್ನು ತಾನೇ ಮಾಡುವುದುಂಟೆ? ಆ ಎರಡನ್ನೂ ಬಿಟ್ಟು ಹೊರಗಿನಿಂದ ಬೆಲ್ಟು ದಾಟಿಸಿದ.

ಕುರ್ಚಿಯ ಮೇಲೆ ಪ್ರಮೋದ ಕೆಮ್ಮಿದ. ಮಾವನ ತಪ್ಪು ಮಾವನ ಅಂಗಳದಲ್ಲಿ ಕೂತು ಎತ್ತಿ ಆಡುವುದು ಹೇಗೆ? ಅವನು ಮಮತಾಳ ಕಿವಿಯಲ್ಲಿ ಹೇಳಿದ. ಮಮತಾ ಬಂದು, ಆ ನುಣ್ಣನೆಯ ಗಾಲಿ ಯಾಕೆ ಖಾಲಿ ಇದೆ ಅಂತ ಅವರು ಕೇಳುತ್ತಾರೆ ಅಂದಳು. ಅವು ಬೇರೆ ನಮೂನೆಯ ಗಾಡಿಗೆ ಬೇಕಾಗುವಂಥವು ಇರಬೇಕು, ಇರಲಿ ಬಿಡು ಅಂತ ನಾಗಪ್ಪ ಹೇಳಿ ಕಳಿಸಿದ. ಮಮತಾ ಹೋಗಿ ಹೇಳಿದಳು. ಪ್ರಮೋದ ಇನ್ನೂ ಜೋರಾಗಿ ಕೆಮ್ಮಿದ. ಅಳಿಯನಿಗೆ ಥಂಡಿ ಆಗಿರಬೇಕು ಅಂತ ಪಾರ್ವತವ್ವ ಶುಂಠಿ ಕಷಾಯ ತಂದಳು. ಪಾಪ, ಅದನ್ನೂ ಕುಡಿದ. ನೀರಿನ ಪಂಪು ತಿರುಗದಿದ್ದರೆ ಎಂಜಿನ್ನು ಕುದಿಯುವುದಿಲ್ಲವೇ ಅಂತ ಮತ್ತೊಮ್ಮೆ ಮಮತಾಳ ಬಾಯಿಂದ ಕೇಳಿಸಿದ. ನೀರು ಆಮೇಲೆ ನೋಡೋಣ, ಮೊದಲು ಪಟ್ಟಾ ಕೂರಲಿ ಅಂತ ನಾಗಪ್ಪ ಮತ್ತೆ ಹೇಳಿ ಕಳಿಸಿದ. ಮಗಳು ಕುರ್ಚಿಗೂ ಕಾರಿಗೂ ತಿರುಗಿ ತಿರುಗಿ ಸುಸ್ತಾದಳು.

ಪಟ್ಟಾ ಕೂತಿತು, ಆದರೆ ಸಡಿಲ. ನಾಲ್ಕು ಬೆರಳು ಜೋಲುತ್ತಿತ್ತು. ಸರಿ, ಇದು ನಾಗಪ್ಪನಿಗೆ ಗೊತ್ತಿದ್ದ ರೋಗ. ಸಡಿಲ ಪಟ್ಟಾಕ್ಕೆ ಏನು ಮಾಡಬೇಕು ಅಂತ ಅವನಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಅವನು ಒಳಗೆ ಹೋಗಿ ಮಿಲ್ಲಿನ ಚೂರಿ, ತೂತು ಹೊಡೆಯುವ ದಬ್ಬಣ, ಚರ್ಮದ ದಾರದ ಸುರುಳಿ ತಂದ. ಬೆಲ್ಟನ್ನು ಬಿಚ್ಚಿ ಹಲಗೆಯ ಮೇಲೆ ಇಟ್ಟು, ನಾಲ್ಕು ಬೆರಳು ಅಳೆದು, ಉಗುರಿನಿಂದ ಗುರುತು ಮಾಡಿದ. ಚೂರಿಯನ್ನು ಗುರುತಿನ ಮೇಲೆ ಇಟ್ಟ.

ಕುರ್ಚಿ ಧಡ್ ಅಂತ ಹಿಂದಕ್ಕೆ ಬಿತ್ತು. ಕಷಾಯದ ಲೋಟ ಅಂಗಳಕ್ಕೆ ಉರುಳಿತು. ಮೊದಲ ದೀಪಾವಳಿಯ ಅಳಿಯ ಬಿಳಿ ಪಂಚೆ ಎತ್ತಿಕಟ್ಟಲೂ ಪುರಸೊತ್ತಿಲ್ಲದೆ ಹಾರಿ ಬಂದು ಬೆಲ್ಟಿನ ಇನ್ನೊಂದು ಬದಿ ಹಿಡಿದು ಜಗ್ಗಿದ. ಮಾವ ಬಿಡಲಿಲ್ಲ, ಅಳಿಯನೂ ಬಿಡಲಿಲ್ಲ. ಎಮ್ಮೆಯ ಕಣ್ಣಿ ಜಗ್ಗುವವರ ಹಾಗೆ ಇಬ್ಬರೂ ಒಂದು ಗಳಿಗೆ ಹಾಗೇ ನಿಂತರು.

“ಮಾವಾರ, ಕೊಯ್ಯಬ್ಯಾಡ್ರಿ! ಕೊಯ್ದ್ರ ಹೊಲಿಯಾಕ ಬರಂಗಿಲ್ರಿ ಇದು. ಇದರ ಬೆನ್ನೂ ದುಡಿತೈತ್ರಿ.”

ಆರು ತಿಂಗಳಲ್ಲಿ ಅಳಿಯ ಆಡಿದ ಅತಿ ಉದ್ದನೆಯ ಮಾತು ಅದು. ನಾಗಪ್ಪನಿಗೆ ಸಿಟ್ಟು ಬಂತು. ಪಟ್ಟಾದ ವಿಷಯದಲ್ಲಿ, ತನಗೆ? ಬೆನ್ನು ದುಡಿಯುವ ಪಟ್ಟಾ ಭೂಮಿಯ ಮೇಲೆ ಎಲ್ಲಿದೆ ಅಂತ ಕೇಳಲು ಬಾಯಿ ತೆರೆದ. ಆಗ ಅವನ ಕಣ್ಣು ಹಲಗೆಯ ಪಕ್ಕ ಬಿದ್ದಿದ್ದ, ರಾಳ ಅಷ್ಟಾಗಿ ಹತ್ತದ ಹಳೇ ಬೆಲ್ಟಿನ ತುಂಡಿನ ಮೇಲೆ ಹೋಯಿತು. ಅದರ ಬೆನ್ನು ಕನ್ನಡಿಯಂತೆ ಹೊಳೆಯುತ್ತಿತ್ತು. ನಾಗಪ್ಪ ಅದನ್ನು ಎತ್ತಿ ಬಿಸಿಲಿಗೆ ಹಿಡಿದ. ಎಲ್ಲೋ ತಾಗಿ ಕೆರೆದ ಗಾಯವಲ್ಲ ಅದು. ಒಂದೇ ಸಮ, ಅಂಚಿನಿಂದ ಅಂಚಿಗೆ, ದಿನಾ ಗಾಲಿಯ ಮೇಲೆ ಓಡಿ ಬಂದ ಹೊಳಪು. ಇಂಥ ಹೊಳಪನ್ನು ಅವನು ಇಪ್ಪತ್ತೊಂಬತ್ತು ವರ್ಷ ಪಟ್ಟಾದ ಒಳಮೈಯಲ್ಲಿ ನೋಡಿದವನು. ಪ್ರಮೋದ ಹೇಳಿದ್ದನ್ನು ನಂಬದಿದ್ದರೂ ಪಟ್ಟಾ ಹೇಳಿದ್ದನ್ನು ನಂಬದೆ ಇರಲಾಗಲಿಲ್ಲ.

ಅವನಿಗೆ ನಗು ಬಂದುಬಿಟ್ಟಿತು. ಹೊಟ್ಟೆ ಹಿಡಿದುಕೊಂಡು ನಕ್ಕ. ಎರಡೂ ಮಗ್ಗುಲಿಗೆ ದುಡಿಯುವ ಪಟ್ಟಾ! ಅದನ್ನು ಕಂಡುಹಿಡಿದವನು ಎಷ್ಟು ಜಿಪುಣನಿರಬೇಕು ಅಂತ ನಕ್ಕ. ಚೂರಿ ಮಡಚಿ ಒಳಗಿಟ್ಟ. ಪಾರ್ವತವ್ವ ಅಳಿಯನ ಕೈ ನೋಡಿದಳು, ಅಂಗಿ ನೋಡಿದಳು, ಎರಡೂ ಆಗಲೇ ಕರ್ರಗಾಗಿದ್ದವು. ಇನ್ನು ಬೇಡವೆಂದು ಏನು ಲಾಭ, ಮುಗಿಸಿಯೇ ಏಳಿ ಅಂತ ಹೇಳಿ, ಓಣಿಯವರಿಗೆ ಕಾಣದಿರಲಿ ಅಂತ ಅಂಗಳದ ಅಂಚಿಗೆ ಒಂದು ಸೀರೆ ಒಣಹಾಕಿದಳು.

ನಾಗಪ್ಪ ಹಳೇ ತುಂಡನ್ನು ಇನ್ನೊಮ್ಮೆ ನೋಡಿ, ಈಗ ತಾನೇ ದಾರಿ ಹೇಳಿದ. ಗೆರೆ ಇದ್ದ ಗಾಲಿಗೆ ಗೆರೆಯ ಮೈ, ನುಣ್ಣನೆಯ ಗಾಲಿಗೆ ಬೆನ್ನು. ಪ್ರಮೋದ ಹೌದು ಹೌದು ಅಂದ. ಸ್ಪ್ರಿಂಗಿನ ತೋಳಿಗೆ ಉದ್ದನೆಯ ಪಾನಾ ಸಿಕ್ಕಿಸಿ ಒಬ್ಬ ಜಗ್ಗಿ ಹಿಡಿಯಬೇಕು, ಇನ್ನೊಬ್ಬ ಬೆಲ್ಟನ್ನು ಕೊನೆಯ ಗಾಲಿಗೆ ಜಾರಿಸಬೇಕು. ಒಬ್ಬನಿಂದ ಆಗುವ ಕೆಲಸವೇ ಅಲ್ಲ ಅದು. ಪ್ರಮೋದ ಜಗ್ಗಿದ, ನಾಗಪ್ಪ ಜಾರಿಸಿದ. ತಿರುಗುವ ಗಾಲಿಗೆ ಕೋಲಿನಿಂದ ಪಟ್ಟಾ ಏರಿಸಿದ ಕೈ, ಒಂದೇ ಸಲಕ್ಕೆ ಕೂರಿಸಿತು. ಪಾನಾ ಬಿಟ್ಟಾಗ ತೋಳು ತಾನೇ ಬಂದು ಬೆಲ್ಟನ್ನು ಒತ್ತಿತು. ನಾಗಪ್ಪ ಬೆರಳಿನಿಂದ ಮೀಟಿ ನೋಡಿದ, ಟಣ್ ಅಂದಿತು. ಕಾರು ಚಾಲೂ ಮಾಡಿ ಅರ್ಧ ತಾಸು ಬಿಟ್ಟರು. ಚೀರಾಟವಿಲ್ಲ, ನಡುಕವಿಲ್ಲ, ಕಾವಿನ ಮುಳ್ಳು ಇದ್ದಲ್ಲಿಂದ ಅಲುಗಲಿಲ್ಲ. ನಾಗಪ್ಪ ಕಣ್ಣು ಮುಚ್ಚಿ ಕೇಳಿದ. ಒಳ್ಳೆಯ ದನಿ.

ಹಿತ್ತಲ ಕಲ್ಲಿನ ಮೇಲೆ ಕೈ ತೊಳೆಯಲು ಕೂತಾಗ ಪ್ರಮೋದ ಖುಷಿಯಲ್ಲಿದ್ದ. ಬಾಯಿಯೂ ಸಡಿಲಾಗಿತ್ತು. ಯಲ್ಲಾಪುರದ ಬೈರ ಅಂತ ಒಬ್ಬ ಮೆಕ್ಯಾನಿಕ್ಕು, ಎರಡು ತಿಂಗಳ ಹಿಂದೆ ಈ ಬೆಲ್ಟು ಹಾಕಿಕೊಟ್ಟವನು ಅವನೇ, ಹಳೇ ಮಾಲು ಹೊಸದೆಂದು ಕಟ್ಟಿದ್ದಾನೆ ಅಂದ. ನಿನ್ನೆ ಬೇರೆ ಕಾರು ಕೇಳಲು ಯಲ್ಲಾಪುರಕ್ಕೆ ಫೋನು ಮಾಡಿದಾಗಲೇ ಪ್ರಮೋದ ಸ್ಟ್ಯಾಂಡಿನ ಡ್ರೈವರುಗಳಿಗೆಲ್ಲ ಹೇಳಿಬಿಟ್ಟಿದ್ದನಂತೆ, ಇನ್ನು ಅವನ ಹತ್ತಿರ ಯಾರೂ ಗಾಡಿ ಬಿಡಬೇಡಿ ಅಂತ. ಮಮತಾ ಹೌದೆಂದಳು. ಇಂಥವರಿಗೆ ಹಾಗೇ ಆಗಬೇಕು ಅಂತ ಪಾರ್ವತವ್ವ ಕಂಡರಿಯದ ಬೈರನನ್ನು ಅವನ ಅಪ್ಪನ ಸಮೇತ ಬೈದಳು.

ನಾಗಪ್ಪನ ಕೈ ನೀರಿನಲ್ಲೇ ನಿಂತಿತು. ಕಾರು ಸರಿಯಾಗಿತ್ತು. ಚೌಡಮ್ಮನಿಗೆ ಕೊಟ್ಟ ಮಾತು ಉಳಿದಿತ್ತು. ಅಳಿಯ ಮೊದಲ ಸಲ ಮನೆಮಗನ ಹಾಗೆ ಪಕ್ಕದಲ್ಲಿ ಕೂತಿದ್ದ. ಸುಮ್ಮನಿದ್ದರೆ ಯಾರಿಗೂ ಏನೂ ತಿಳಿಯುತ್ತಿರಲಿಲ್ಲ. ಆದರೆ ಅವನಿಗೆ ಮಿಲ್ಲಿನ ಒಂದು ದಿನ ನೆನಪಾಯಿತು. ಯಾರೋ ಪಟ್ಟಾದ ಮೇಲೆ ಸೀಮೆಎಣ್ಣೆ ಚೆಲ್ಲಿದ್ದರು, ಅದು ಜಾರಿ ಹರಿದು ಇಡೀ ದಿನ ಮಿಲ್ಲು ನಿಂತಿತು. ಸಾಹುಕಾರರು ನಲವತ್ತು ಜನರ ಎದುರಿಗೆ ನಾಗಪ್ಪನನ್ನು ಮೈಗಳ್ಳ ಕೆಲಸಗಾರ ಅಂದರು. ಚೆಲ್ಲಿದವನು ಆ ನಲವತ್ತು ಜನರಲ್ಲೇ ಇದ್ದ, ತಲೆ ತಗ್ಗಿಸಿಕೊಂಡು. ಎರಡು ದಿನ ನಾಗಪ್ಪನಿಗೆ ತುತ್ತು ಗಂಟಲಲ್ಲಿ ಇಳಿದಿರಲಿಲ್ಲ. ಈಗ ತಾನೂ ಆ ತಲೆ ತಗ್ಗಿಸಿದವನ ಹಾಗೆಯೇ ಕೂತಿದ್ದೇನೆ ಅಂತ ಅನ್ನಿಸಿ ಅವನಿಗೆ ತನ್ನ ಮೇಲೇ ಹೇಸಿಗೆಯಾಯಿತು.

“ಅಳಿಯಾರ, ಬೈರಂದೇನೂ ತಪ್ಪಿಲ್ಲ. ನೀವು ಮಲಗಿದ್ದಾಗ ನಾನ ಬೆಲ್ಟಿಗೆ ರಾಳ ಬಡದೀನಿ. ಹರದದ್ದು ಅದಕ್ಕ. ನಿನ್ನೇನ ಹೇಳಬೇಕಿತ್ತು. ನಿಮ್ಮ ಮುಂದ ಸಣ್ಣಾಂವ ಆಗ್ತೀನಿ ಅಂತ ಹೇಳಲಿಲ್ಲ.”

ಪಾರ್ವತವ್ವ ಬಾಯಿಗೆ ಸೆರಗು ಹಿಡಿದಳು. ಪ್ರಮೋದ ನೆಲ ನೋಡಿದ, ತನ್ನ ಕೈ ನೋಡಿಕೊಂಡ. ಸಿಟ್ಟು ಬಂದಿರಬೇಕು, ಬರಲಿ ಅಂತ ನಾಗಪ್ಪ ಗಟ್ಟಿಯಾಗಿ ಕೂತ. ಅಳಿಯನ ಕಿವಿ ಮಾತ್ರ ಕೆಂಪಗೆ ಕೆಂಪಗೆ ಆಗುತ್ತಾ ಹೋಯಿತು.

“ಮಾವಾರ, ಅದು ಮೊದಲ ಚೀರಿದ್ದು ನನ್ನಿಂದ್ರಿ. ಎಂಜಿನ್ನಿಗೆ ಎಣ್ಣಿ ಹಾಕುವಾಗ ಬೆಲ್ಟಿನ ಮ್ಯಾಲ ಚೆಲ್ಲಿದ್ದೆ. ಉಮ್ಮಚಗಿ ದಾಟಿದ ಮ್ಯಾಲ ಇಳಿದು ಅರ್ಧ ಸೋಪು ತಿಕ್ಕೀನ್ರಿ. ನಿಮ್ಮ ಓಣ್ಯಾಗ ಚೀರಿದ್ರ ನಗ್ತಾರಂತ.”

ಅರೆ! ರೇಡಿಯೇಟರಿಗೆ ನೀರು ಹಾಕಲು ಇಳಿಯುತ್ತೇನೆ ಅಂದಿದ್ದಿರಲ್ಲ ಅಂತ ಮಮತಾ ಗಂಡನ ಮೇಲೆ ಬಿದ್ದಳು. ಸೋಪಿನ ಮೇಲೆ ರಾಳ ಅಂತ ನಾಗಪ್ಪ ತನಗೆ ತಾನೇ ಹೇಳಿಕೊಂಡ. ಇಬ್ಬರು ದೊಡ್ಡ ಗಂಡಸರು ಒಬ್ಬರಿಗೊಬ್ಬರು ಹೆದರಿ, ಒಂದು ಬಡಪಾಯಿ ಬೆಲ್ಟನ್ನು ಕೊಂದು, ಪಾಪ ಕಟ್ಟಿದ್ದು ಯಲ್ಲಾಪುರದ ಬೈರನ ತಲೆಗೆ. ಪಾರ್ವತವ್ವನಿಗೆ ಮೊದಲು ನಗು ಬಂತು, ಆಮೇಲೆ ತಾನು ಬೈರನ ಅಪ್ಪನನ್ನೂ ಬೈದದ್ದು ನೆನಪಾಗಿ ಎರಡೂ ಕೈಯಿಂದ ಗಲ್ಲ ಬಡಿದುಕೊಂಡಳು. ಫೋನು ಮಾಡಿ ಸ್ಟ್ಯಾಂಡಿನವರಿಗೆ ಹೇಳಿಬಿಡುತ್ತೇನೆ ಅಂತ ಪ್ರಮೋದ ಎದ್ದ. ಅದು ಫೋನಿನಲ್ಲಿ ಮುಗಿಯುವ ಮಾತಲ್ಲ, ನಾನೂ ಬರುತ್ತೇನೆ ಅಂತ ನಾಗಪ್ಪ ಅಂದ.

ಮರುದಿನ ನಸುಕಿನಲ್ಲಿ ಕಾರು ಹೊರಟಿತು. ಮಮತಾ ತವರಿನಲ್ಲೇ ಉಳಿದಳು, ಮುಂದಿನ ಸೀಟಿನಲ್ಲಿ ನಾಗಪ್ಪ, ಅವನ ತೊಡೆಯ ಮೇಲೆ ಪಾರ್ವತವ್ವ ಕಟ್ಟಿಕೊಟ್ಟ ಹೋಳಿಗೆಯ ಡಬ್ಬಿ. ಆರಕ್ಕೆ ಐದು ನಿಮಿಷ ಇರುವಾಗಲೇ ಚೌಡಮ್ಮನ ಮನೆ ಮುಂದೆ ನಿಂತರು. ಮುದುಕಿಯನ್ನೂ ಅವಳ ಮಗನನ್ನೂ ಹುಬ್ಬಳ್ಳಿಯ ಆಸ್ಪತ್ರೆಗೆ ಮುಟ್ಟಿಸಿದರು. ದಾರಿಯುದ್ದಕ್ಕೂ ಮಾವ-ಅಳಿಯ ಮಾತಾಡಿದ್ದೇ ಮಾತಾಡಿದ್ದು. ಇವರಿಬ್ಬರಲ್ಲಿ ಒಬ್ಬರಾದರೂ ಬಾಯಿ ಮುಚ್ಚಿದರೆ ತನಗೆ ಕಣ್ಣು ಮುಚ್ಚಲಾದೀತು ಅಂತ ಚೌಡಮ್ಮ ಮುಂಡಗೋಡಿನ ಹತ್ತಿರ ಬಾಯಿ ಬಿಟ್ಟು ಹೇಳಿದಳು.

ಮಧ್ಯಾಹ್ನ ಮೂರರ ಸುಮಾರಿಗೆ ಯಲ್ಲಾಪುರ. ಬೈರನ ಗ್ಯಾರೇಜು ಕಾರ್ ಸ್ಟ್ಯಾಂಡಿನ ಎದುರಿಗೇ ಇತ್ತು. ಹಬ್ಬ ಮುಗಿಸಿ ಅವತ್ತೇ ಬಾಗಿಲು ತೆಗೆದಿದ್ದ, ಮುಂದೆ ಒಂದು ಗಾಡಿಯೂ ಇರಲಿಲ್ಲ. ಐವತ್ತು ದಾಟಿದ ತೆಳ್ಳನೆಯ ಮನುಷ್ಯ, ಪ್ರಮೋದನನ್ನು ಕಂಡು ಮುಖ ತಿರುಗಿಸಿದ. ಪ್ರಮೋದ ಮಾತು ಶುರು ಮಾಡುವ ಮೊದಲೇ ನಾಗಪ್ಪ ಸ್ಟ್ಯಾಂಡಿನ ಕಡೆ ಕೈ ಮಾಡಿ ಡ್ರೈವರುಗಳನ್ನೆಲ್ಲ ಕರೆದ. ಎಂಟು ಜನ ಬಂದು ಸುತ್ತ ನಿಂತರು. ನಾಗಪ್ಪ ಹರಿದ ಬೆಲ್ಟಿನ ತುಂಡನ್ನು ಎಲ್ಲರ ಕೈಗೂ ದಾಟಿಸಿ ಮೂಸಿಸಿದ. ಇದು ರಾಳ, ಹಚ್ಚಿದವನು ನಾನು ಅಂದ. ಸೋಪು ತಿಕ್ಕಿದವನು ನಾನು ಅಂತ ಪ್ರಮೋದ ಪಕ್ಕದಲ್ಲೇ ನಿಂತು ಹೇಳಿದ. ಬೈರ ಹಾಕಿದ ಬೆಲ್ಟು ಹೊಸದೇ, ಹಾಕಿದ್ದೂ ಸರಿಯೇ, ನಮ್ಮದೇ ತಪ್ಪು ಅಂತ ನಾಗಪ್ಪ ಕೈ ಮುಗಿದ.

ಡ್ರೈವರುಗಳು ಬಿದ್ದು ಬಿದ್ದು ನಕ್ಕರು. ಬೈರ ನಗಲಿಲ್ಲ. ಚಿಂದಿಯಲ್ಲಿ ಕೈ ಒರೆಸಿಕೊಂಡು ನಾಗಪ್ಪನ ಕಡೆ ತಿರುಗಿದ.

“ಹಿರ‍್ಯಾರ, ಮೂವತ್ತು ವರ್ಷ ಆತು ಈ ಕೆಲಸಕ್ಕ ಬಂದು. ಬೈಯಾಕ ಬಂದೋರನ್ನ ನಾ ಎಣಿಸಿಲ್ಲ. ನಿಂದು ತಪ್ಪಿಲ್ಲ ಅಂತ ಹೇಳಾಕ ಇಷ್ಟು ದೂರ ಬಂದೋರು ನೀವೊಬ್ರ.”

ಮಿಲ್ಲು ನಿಂತ ಆ ದಿನ ಅಂಥ ಮಾತು ಹೇಳಲು ನಾಗಪ್ಪನ ಹತ್ತಿರವೂ ಯಾರೂ ಬಂದಿರಲಿಲ್ಲ. ಬೈರ ಟೈರೊಂದನ್ನು ಉರುಳಿಸಿ ತಂದು, ಮೇಲೆ ಪೇಪರು ಹಾಸಿ, ಕೂರಿ ಅಂದ. ನಾಗಪ್ಪ ಹೋಳಿಗೆಯ ಡಬ್ಬಿ ತೆರೆದು ಅವನ ಮುಂದೆ ಹಿಡಿದ. ಎದುರಿನ ಅಂಗಡಿಗೆ ಕೂಗಿ ಬೈರ ಮೂರು ಚಹಾ ಹೇಳಿದ.